ಶೂಟಿಂಗಿಗೆ ಹೊರಟಿರಾ? ಮೊದಲು ಚೀಲ ಬಿಚ್ಚಿ ತೋರಿಸಿ!

ಶೂಟಿಂಗ್ ಅಂದ ಕೂಡಲೇ ನಮ್ಮ ಓದುಗರ ಕಣ್ಣ ಮುಂದೆ ಬರೋದು ಏನು? ಕ್ಯಾಮೆರಾ, ಲೈಟು, ಕೊಡೆ ಹಿಡಿದು ನಿಂತ ಹುಡುಗ, ಕೊಡೆಯ ಕೆಳಗೆ ಕುರ್ಚಿ ಹಾಕಿ ಕೂತ ನಾಯಕಿ! ತಪ್ಪೇನಿಲ್ಲ ಬಿಡಿ. ಆದರೆ ಈ ವಾರ ಹೇಳಹೊರಟಿರೋದು ಬೇರೆ ಶೂಟಿಂಗಿನ ವಿಷಯ. ಇಲ್ಲಿ ಡ್ಯೂಪ್ ಇಲ್ಲ, ಡಬ್ಬಿಂಗ್ ಇಲ್ಲ, ರೀಟೇಕ್ ಅಂತೂ ಇಲ್ಲವೇ ಇಲ್ಲ. ಬಂದೂಕು ನಿಜವಾದದ್ದು, ಗುಂಡೂ ನಿಜವಾದದ್ದು. ಅದೇ ಸ್ವಾಮಿ, ಗುರಿ ಇಟ್ಟು ಹೊಡೆಯುವ ಶೂಟಿಂಗ್ ರೇಂಜಿನ ಮಾತು.

2024ರ ಒಲಿಂಪಿಕ್ಸಿನಲ್ಲಿ ಭಾರತಕ್ಕೆ ಬಂದ 6 ಪದಕಗಳಲ್ಲಿ 3 ಬಂದೂಕಿನಿಂದಲೇ ಬಂದವು. ಅದನ್ನು ನೋಡಿ 'ನಾನೂ ಒಂದು ಕೈ ನೋಡೇಬಿಡ್ತೀನಿ' ಅಂತ ಆಸೆಪಟ್ಟವರು ಕಡಿಮೆಯೇನಲ್ಲ. ಒಳ್ಳೇದೇ. ಆದರೆ ಹೋಗುವ ಮುಂಚೆ ಒಂದು ಪ್ರಶ್ನೆ. ಚೀಲದಲ್ಲಿ ಏನೇನು ತುಂಬಿಕೊಂಡು ಹೋಗ್ತೀರಿ? ಅದಕ್ಕಿಂತ ಮುಖ್ಯ, ಏನೇನನ್ನು ಮನೆಯಲ್ಲೇ ಬಿಟ್ಟು ಹೋಗ್ತೀರಿ?

ನಗಬೇಡಿ. ಈ ಎರಡು ಪ್ರಶ್ನೆಗೆ ಸರಿಯಾದ ಉತ್ತರ ಸಿಗದೆ ಪದಕ ಕಳೆದುಕೊಂಡವರಿದ್ದಾರೆ, ಕಿವಿ ಕಳೆದುಕೊಂಡವರಿದ್ದಾರೆ. ನಮ್ಮ ಚಿತ್ರರಂಗದ ಬಂಧುಗಳೇ ಪ್ರಾಣ ಕಳೆದುಕೊಂಡಿದ್ದಾರೆ!

ಜೇಬಿನಲ್ಲಿ ಕೈ ಇಟ್ಟ ಹೀರೋ

2024ರ ಜುಲೈ 30. ಫ್ರಾನ್ಸ್ ದೇಶದ ಶಾತೊರೂ ಎಂಬ ಊರು. ಪ್ಯಾರಿಸ್ ಒಲಿಂಪಿಕ್ಸಿನ ಗುಂಡಿನ ಸ್ಪರ್ಧೆಗಳೆಲ್ಲ ನಡೆದದ್ದು ಅಲ್ಲೇ. 10 ಮೀಟರ್ ಏರ್ ಪಿಸ್ತೂಲಿನ ಜೋಡಿ ಸ್ಪರ್ಧೆ. ಟರ್ಕಿಯ ಯೂಸುಫ್ ಡಿಕೆಚ್ ಬಂದು ನಿಂತ. ವಯಸ್ಸು 51. ನರೆತ ಕೂದಲು, ಸಾದಾ ಟೀ ಶರಟು, ದಿನಾ ಹಾಕೋ ಕನ್ನಡಕ. ಎಡಗೈ ಪ್ಯಾಂಟಿನ ಜೇಬಿನಲ್ಲಿ! ರೇಷನ್ ಅಂಗಡಿಯ ಸಾಲಿನಲ್ಲಿ ನಿಂತ ನಮ್ಮ ಮಾವನ ಹಾಗಿದ್ದ ಮನುಷ್ಯ ಶೆವ್ವಾಲ್ ಇಲಾಯ್ದಾ ತರ್ಹಾನ್ ಎಂಬ ಹುಡುಗಿಯ ಜೊತೆಗೂಡಿ ಬೆಳ್ಳಿ ಪದಕ ಹೊಡೆದುಕೊಂಡು ಹೋದ. ಅದೇ ಸ್ಪರ್ಧೆಯಲ್ಲಿ ಕಂಚು ಗೆದ್ದವರು ನಮ್ಮ ಮನು ಭಾಕರ್ ಮತ್ತು ಸರಬ್ಜೋತ್ ಸಿಂಗ್.

ಮಾರನೇ ದಿನದಿಂದ ಆ ಫೋಟೋ ಜಗತ್ತೆಲ್ಲ ಓಡಾಡಿತು. 'ಬೇರೆಯವರು ಏನೇನೋ ಯಂತ್ರ ಕಟ್ಟಿಕೊಂಡು ಬಂದ್ರು, ಇವನು ಏನೂ ಇಲ್ಲದೆ ಬಂದ!' ಅಂತ ಎಲ್ಲರ ಬಾಯಲ್ಲೂ ಅದೇ ಮಾತು. ಅದೇ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದ ಕೊರಿಯಾದ ಕಿಮ್ ಯೆ-ಜಿಯ ವಿಡಿಯೋ ಇನ್ನೊಂದು ಕಡೆ. ಒಂದು ಕಣ್ಣಿಗೆ ಲೆನ್ಸು, ಇನ್ನೊಂದು ಕಣ್ಣಿಗೆ ಮುಚ್ಚಳ, ತಲೆಗೆ ಟೋಪಿ, ಮುಖದಲ್ಲಿ ಒಂದು ಗೆರೆ ನಗು ಇಲ್ಲ. ಥೇಟ್ ಸಿನಿಮಾದ ಲೇಡಿ ವಿಲನ್! ಆಮೇಲೆ ಆಕೆಗೆ ಕೊಲೆಗಾರ್ತಿಯ ಪಾತ್ರವೇ ಒಲಿದು ಬಂದ ಸುದ್ದಿಯೂ ಅದೇ ವರ್ಷ ಹೊರಬಿತ್ತು.

ಈಗ ಡಿಕೆಚ್‌ನ ಫೋಟೋ ಇನ್ನೊಂದು ಸಲ ನೋಡಿ. ಜೇಬು ಬಿಡಿ, ಕಿವಿ ನೋಡಿ. ಅಲ್ಲಿ ಸಣ್ಣ ಬಿರಡೆ ಕಾಣುತ್ತೆ! ಏರ್ ಪಿಸ್ತೂಲಿನಲ್ಲಿ ಮದ್ದು ಇರೋಲ್ಲ, ಗಾಳಿಯ ಒತ್ತಡದಿಂದಲೇ ಚರೆ ಹಾರುತ್ತೆ. ಸದ್ದು ಏನೇನೂ ಅಲ್ಲ. ಆದರೂ ಜನರ ಕೂಗು ಕಿವಿಗೆ ಬಿದ್ದು ಮನಸ್ಸು ಕದಡಬಾರದು ಅಂತ ಬಿರಡೆ. ಕಣ್ಣಿಗೆ ಮುಚ್ಚಳ ಯಾಕಿಲ್ಲ? ಆತ ಎರಡೂ ಕಣ್ಣು ತೆರೆದು ಹೊಡೆಯೋನು, ಅದು ಬೇಕಿಲ್ಲ. ಕೈ ಜೇಬಿಗೆ ಹೋದದ್ದೂ ಸ್ಟೈಲಿಗಲ್ಲ. ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿಯಬೇಕು ಅನ್ನೋದು ನಿಯಮ. ಇನ್ನೊಂದು ಕೈ ಅಲ್ಲಾಡಿದರೆ ಮೈಯೇ ಅಲ್ಲಾಡುತ್ತೆ. ಅದಕ್ಕೇ ಪಿಸ್ತೂಲಿನವರು ಬಹಳ ಮಂದಿ ಆ ಕೈಯನ್ನು ಜೇಬಿಗೋ ಬೆಲ್ಟಿಗೋ ಸಿಕ್ಕಿಸಿಕೊಳ್ತಾರೆ.

ಅಂದರೆ ಏನಾಯ್ತು? ಡಿಕೆಚ್ ಏನೂ ಇಲ್ಲದೆ ಬಂದವನಲ್ಲ. 2008ರಿಂದ ಹಿಡಿದು ಅದು ಆತನ 5ನೇ ಒಲಿಂಪಿಕ್ಸ್. ತನಗೆ ಏನು ಬೇಕು, ಏನು ಬೇಡ ಅಂತ ತಿಳಿದುಕೊಂಡು ಬಂದವನು. ನಾವು ಕಲೀಬೇಕಾದ್ದು ಅದು. ಜೇಬಿನಲ್ಲಿ ಕೈ ಇಡೋದಲ್ಲ!

ಕಿವಿ ಹೋದರೆ ಸಂತೆಯಲ್ಲಿ ಸಿಗೋಲ್ಲ

ಸಿನಿಮಾ ನೋಡಿ. ಗೋಡೌನಿನಲ್ಲಿ ನಾಯಕ ಠೈ ಠೈ ಅಂತ ಇಪ್ಪತ್ತು ಗುಂಡು ಹಾರಿಸ್ತಾನೆ. ಖಳರೆಲ್ಲ ಮಕಾಡೆ. ಆಮೇಲೆ ಮೂಲೆಯಲ್ಲಿ ಕಟ್ಟಿಹಾಕಿದ್ದ ನಾಯಕಿ ಪಿಸುಗುಟ್ತಾಳೆ... ಅದು ನಾಯಕನಿಗೆ ಕೇಳಿಸುತ್ತೆ! ಹೇಗೆ ಕೇಳಿಸ್ತು ಸ್ವಾಮಿ? ನಿಜವಾದ ಗೋಡೌನಾಗಿದ್ದರೆ ಆ ಹೊತ್ತಿಗೆ ಕಿವಿಯಲ್ಲಿ 'ಕುಂಯ್' ಅನ್ನೋ ಸದ್ದು ಬಿಟ್ಟು ಇನ್ನೇನೂ ಇರ್ತಿರಲಿಲ್ಲ.

ಲೆಕ್ಕ ಕೇಳಿ. ಪಿ.ಯು.ಸಿ.ಗೇ ಪುಸ್ತಕ ಮುಚ್ಚಿದ ನನಗೂ ಅರ್ಥವಾಗುವ ಲೆಕ್ಕ ಇದು. ನಾವು ನೀವು ಮಾತಾಡೋ ಸದ್ದು ಸುಮಾರು 60 ಡೆಸಿಬೆಲ್. 140 ದಾಟಿದ ಸದ್ದು ಒಂದೇ ಏಟಿಗೆ ಕಿವಿಗೆ ಪೆಟ್ಟು ಕೊಡಬಲ್ಲದು. ಮದ್ದಿನ ಪಿಸ್ತೂಲು, ದೊಡ್ಡ ಬಂದೂಕುಗಳ ಸದ್ದು 150 ದಾಟುತ್ತೆ. ಕಿವಿಯೊಳಗೆ ಕೂದಲೆಳೆಗಿಂತ ಸೂಕ್ಷ್ಮವಾದ ಜೀವಕೋಶಗಳಿವೆ, ಕೇಳಿಸೋದು ಅವುಗಳಿಂದ. ಒಮ್ಮೆ ಸತ್ತರೆ ಮತ್ತೆ ಹುಟ್ಟೋಲ್ಲ. ಹಲ್ಲು ಹೋದರೆ ಹಲ್ಲು ಕಟ್ಟಿಸಬಹುದು, ಇದಕ್ಕೆ ಆ ದಾರಿಯೂ ಇಲ್ಲ.

ಚಿತ್ರರಂಗದಿಂದಲೇ ಸಾಕ್ಷಿ ಬೇಕೇ? ಅಮೆರಿಕದ 'ಸ್ಟಾರ್ ಟ್ರೆಕ್' ಧಾರಾವಾಹಿಯ ನಾಯಕ ವಿಲಿಯಂ ಶಾಟ್ನರ್. 1967ರಲ್ಲಿ ಪ್ರಸಾರವಾದ 'ಅರೀನಾ' ಎಂಬ ಕಂತಿನ ಚಿತ್ರೀಕರಣದಲ್ಲಿ ಸ್ಫೋಟವೊಂದರ ತೀರ ಹತ್ತಿರ ನಿಂತಿದ್ದ. ಅಂದಿನಿಂದ ಕಿವಿಯಲ್ಲಿ ಮೊರೆತ ಶುರುವಾಯ್ತು ಅಂತ ಆತನೇ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಜೊತೆಯ ನಟ ಲಿಯೊನಾರ್ಡ್ ನಿಮಾಯ್‌ಗೂ ಅದೇ ಪಾಡು. ಧಾರಾವಾಹಿ ಮುಗಿದು ಎಷ್ಟೋ ವರ್ಷವಾದರೂ ಕಿವಿಯೊಳಗಿನ ಸದ್ದು ಮುಗಿಯಲಿಲ್ಲ!

ಆದ್ದರಿಂದ ಚೀಲಕ್ಕೆ ಹಾಕೋ ಮೊದಲನೇ ವಸ್ತು ಬಂದೂಕಲ್ಲ, ಕಿವಿಯ ಬಿರಡೆ. ಸ್ಪಂಜಿನಂಥ ಬಿರಡೆ ಕೆಲವೇ ರೂಪಾಯಿಗೆ ಸಿಗುತ್ತೆ. ಬೆರಳಲ್ಲಿ ಹೊಸೆದು ಸಣ್ಣದು ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗೆ ತೂರಿಸಿ, ಉಬ್ಬಿಕೊಳ್ಳುವ ತನಕ ಒತ್ತಿ ಹಿಡೀಬೇಕು. ಸುಮ್ಮನೆ ಬಾಗಿಲಿಗೆ ಸಿಕ್ಕಿಸಿದರೆ ಪ್ರಯೋಜನವಿಲ್ಲ. ನಾಲ್ಕು ಗೋಡೆಯ ಒಳಗೆ ಮದ್ದಿನ ಬಂದೂಕು ಹೊಡೆಯೋದಾದರೆ ಬಿರಡೆಯ ಮೇಲೆ ಹೆಡ್‌ಫೋನಿನಂಥ ಇಯರ್ ಮಫ್ ಕೂಡ ಬೇಕು. ಎರಡೂ ಬೇಕು! ಹತ್ತಿ ಉಂಡೆ ಸಾಲದು.

ಕಣ್ಣು, ಕತ್ತು, ಕಾಲು

ಎರಡನೇದು ಕನ್ನಡಕ. ಪೆಟ್ಟಿಗೆ ಒಡೆದು ಚೂರಾಗದ ಪಾಲಿಕಾರ್ಬೊನೇಟ್ ಗಾಜಿನದು, ಪಕ್ಕಕ್ಕೂ ಮರೆಯಿರುವಂಥದು. ಫ್ಯಾಷನ್ನಿನ ಕಪ್ಪು ಕನ್ನಡಕ ಪೋಸ್ಟರಿಗೆ ಚೆನ್ನ, ಇಲ್ಲಿಗಲ್ಲ. ಹಾರಿದ ಸೀಸದ ಚೂರು ಹಿಂದಕ್ಕೆ ಸಿಡಿದರೆ ಅದಕ್ಕೆ ನಾಯಕ, ಖಳನಾಯಕ ಅನ್ನೋ ಭೇದವಿಲ್ಲ.

ಮೂರನೇದು ಅಂಗಿ. ಹೆಣ್ಣಾಗಲಿ ಗಂಡಾಗಲಿ, ಕತ್ತು ಮುಚ್ಚುವ ಅಂಗಿ. ಯಾಕೆ ಗೊತ್ತೇ? ತಾನೇ ತೋಟಾ ತುಂಬಿಕೊಳ್ಳುವ ಪಿಸ್ತೂಲಿನಿಂದ ಖಾಲಿ ಹಿತ್ತಾಳೆ ಕೊಪ್ಪು ಸರ್ರನೆ ಹೊರಗೆ ಹಾರುತ್ತೆ, ಕಾದ ಒಗ್ಗರಣೆ ಸೌಟಿನಷ್ಟು ಬಿಸಿ. ಗುಂಡಿ ಬಿಚ್ಚಿದ ಅಂಗಿಯೊಳಗೆ ಅದು ಬಿತ್ತು ಅನ್ನಿ. 'ಅಯ್ಯಯ್ಯೋ' ಅಂತ ಕುಣೀತೀರಿ. ಕುಣಿಯುವ ಆ ಗಳಿಗೆಯಲ್ಲಿ ಕೈಯಲ್ಲಿ ತುಂಬಿದ ಪಿಸ್ತೂಲಿದೆ, ಬೆರಳು ಕುದುರೆಯ ಮೇಲಿದೆ, ನಳಿಗೆ ಯಾರ ಕಡೆಗಿದೆಯೋ ದೇವರೇ ಬಲ್ಲ! ಒಂದು ಗುಂಡಿ ಹಾಕಿಕೊಳ್ಳದ್ದಕ್ಕೆ ಪಕ್ಕದವನ ಪ್ರಾಣಕ್ಕೆ ಕುತ್ತು. ತಲೆಗೆ ಮುಂಚಾಚಿನ ಟೋಪಿ ಇದ್ದರೆ ಆ ಕೊಪ್ಪು ಕನ್ನಡಕದ ಸಂದಿಗೆ ಬೀಳದಂತೆ ತಡೆಯುತ್ತೆ. ಕಾಲಿಗೆ ಬೆರಳು ಮುಚ್ಚುವ ಬೂಟು. ಹವಾಯಿ ಚಪ್ಪಲಿಯನ್ನು ಮನೆ ಬಾಗಿಲಲ್ಲೇ ಬಿಡಿ.

ನಾಲ್ಕನೇದು ಒಂದು ತುಂಡು ಸೋಪು! ಚರೆ ಅಂದರೆ ಸೀಸ. ಸೀಸ ಹೊಟ್ಟೆಗೆ ಹೋದರೆ ವಿಷ. ರೇಂಜಿನಲ್ಲಿ ಕಡಲೆಕಾಯಿ, ಬೋಂಡ ತಿನ್ನೋ ಹಾಗಿಲ್ಲ. ಕೈ, ಮುಖ ತೊಳೆದ ಮೇಲೇ ತಿಂಡಿ, ಕಾಫಿ. ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳುವ ಮುಂಚೆ ಅಂಗಿ ಬದಲಾಯಿಸಬೇಕು.

ಬಂದೂಕು ಯಾವುದು?

'ಅಲ್ರೀ, ಇಷ್ಟು ಹೊತ್ತಾದ್ರೂ ಬಂದೂಕಿನ ಸುದ್ದಿಯೇ ಇಲ್ಲವಲ್ಲ' ಅಂತ ಗೊಣಗಬೇಡಿ. ಹೊಸಬರಿಗೆ ಮೊದಲ ದಿನವೇ ಸ್ವಂತ ಬಂದೂಕು ಬೇಕಿಲ್ಲ. ಎಷ್ಟೋ ರೇಂಜುಗಳಲ್ಲಿ ಕಲಿಯೋರಿಗೆ ಅಲ್ಲಿಯದನ್ನೇ ಕೊಡ್ತಾರೆ. ಮೊದಲು ಅದರಲ್ಲಿ ಕೈ ಪಳಗಲಿ. ಸಾಲ ಮಾಡಿ ವಿದೇಶಿ ಪಿಸ್ತೂಲು ತಂದು, ಅದರ ಹಿಡಿ ತಮ್ಮ ಅಂಗೈಗೇ ಒಗ್ಗದೆ ಅಟ್ಟಕ್ಕೆ ಹಾಕುವ ಗತಿ ಬರಬಾರದು. ಕೂಡಿಟ್ಟ ದುಡ್ಡು ಚರೆಗೆ, ಫೀಸಿಗೆ ಆದರೆ ಅಷ್ಟು ದಿನ ಹೆಚ್ಚು ಅಭ್ಯಾಸ.

ಕಾನೂನೂ ಗೊತ್ತಿರಲಿ. ನಮ್ಮ ದೇಶದ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, 20 ಜೂಲ್‌ಗಿಂತ ಹೆಚ್ಚು ಶಕ್ತಿಯ ಅಥವಾ 0.177 ಇಂಚಿಗಿಂತ ದೊಡ್ಡ ನಳಿಗೆಯ ಏರ್ ಗನ್ನಿಗೆ ಲೈಸೆನ್ಸ್ ಬೇಕು. ಮದ್ದಿನ ಬಂದೂಕಿಗಂತೂ 1959ರ ಕಾಯ್ದೆಯ ಲೈಸೆನ್ಸ್ ಬೇಕೇ ಬೇಕು. ನಮ್ಮ ಕೊಡಗಿನ ಕತೆ ಬೇರೆ. ಕೈಲ್ ಪೋಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಮುಡಿಸಿ ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ನಾಡದು. ಅಲ್ಲಿಯವರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ ಇನ್ನೂ 10 ವರ್ಷಕ್ಕೆ ಮುಂದುವರಿಸಿತು. ಉಳಿದವರ ಚೀಲದಲ್ಲಿ ಕೋವಿಗೆ ಮುಂಚೆ ಕಾಗದಪತ್ರ ಇರಬೇಕು. ಏರ್ ಗನ್ನೇ ಆದರೂ ಚೀಲದಲ್ಲಿ ಮುಚ್ಚಿಟ್ಟುಕೊಂಡೇ ಬಸ್ಸು ಹತ್ತಿ. ಹೆಗಲ ಮೇಲೆ ಹಾಕಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಪೋಸು ಕೊಟ್ಟರೆ ರೇಂಜಿನ ಬದಲು ಸ್ಟೇಷನ್ ಸೇರ್ತೀರಿ!

ಎರಡು ಅಂಕಕ್ಕೆ ಕಣ್ಣೀರು

ಈಗ ಪದಕ ಕಳೆದ ಕತೆ. 2021ರ ಜುಲೈ 25, ಟೋಕಿಯೋ ಒಲಿಂಪಿಕ್ಸ್. ಹರಿಯಾಣದ ಹುಡುಗಿ ಮನು ಭಾಕರ್, ವಯಸ್ಸು 19. 10 ಮೀಟರ್ ಏರ್ ಪಿಸ್ತೂಲಿನ ಅರ್ಹತಾ ಸುತ್ತು. 75 ನಿಮಿಷದಲ್ಲಿ 60 ಗುಂಡು. ಗುರಿಹಲಗೆಯ ನಟ್ಟನಡುವಿನ 10ರ ವೃತ್ತ ಎಷ್ಟು ದೊಡ್ಡದು ಅಂತೀರಿ? ಅಡ್ಡಳತೆ 11.5 ಮಿಲಿಮೀಟರ್. ನಿಮ್ಮ ಅಂಗಿಯ ಗುಂಡಿಯಷ್ಟು! ಅದನ್ನು 10 ಮೀಟರ್ ದೂರದಿಂದ ಹೊಡೀಬೇಕು.

ಹುಡುಗಿ ಚೆನ್ನಾಗೇ ಶುರು ಮಾಡಿದ್ದಳು. ನಡುವೆ ಪಿಸ್ತೂಲಿನ ಲಿವರ್ ಮುರೀತು! ಗುಂಡು ತುಂಬೋಕೇ ಆಗದು. ಹೊರಗೆ ಹೋಗಿ ರಿಪೇರಿ ಮಾಡಿಸಿಕೊಂಡು ಬರೋ ಹೊತ್ತಿಗೆ ಅಮೂಲ್ಯವಾದ ನಿಮಿಷಗಳು ಕರಗಿ ಹೋಗಿದ್ದವು. ಉಳಿದದ್ದನ್ನು ಅವಸರದಲ್ಲಿ ಹೊಡೆದು 575 ಅಂಕ ಗಳಿಸಿದಳು. ಫೈನಲ್ಲಿಗೆ ಬೇಕಿದ್ದದ್ದು 577. ಎರಡೇ ಎರಡು ಅಂಕ! 12ನೇ ಸ್ಥಾನ, ಕಣ್ಣೀರು, ಮನೆಗೆ ವಾಪಸ್ಸು.

3 ವರ್ಷ ಕಳೀತು. 2024ರ ಜುಲೈ 28ರಂದು ಅದೇ 10 ಮೀಟರ್ ಸ್ಪರ್ಧೆಯಲ್ಲಿ ಕಂಚು, 30ರಂದು ಸರಬ್ಜೋತ್ ಜೊತೆ ಇನ್ನೊಂದು ಕಂಚು. ಸ್ವತಂತ್ರ ಭಾರತದಲ್ಲಿ ಒಂದೇ ಒಲಿಂಪಿಕ್ಸಿನಲ್ಲಿ ಎರಡು ಪದಕ ಗೆದ್ದ ಮೊದಲಿಗಳು! ಯಾವ ಚಿತ್ರಕತೆಗಾರ ಬರೆದರೂ 'ಸ್ವಲ್ಪ ಜಾಸ್ತಿಯಾಯ್ತು' ಅಂತ ನಿರ್ಮಾಪಕರು ಹೇಳೋ ಅಂಥ ಕ್ಲೈಮ್ಯಾಕ್ಸ್.

ಅಭಿನವ್ ಬಿಂದ್ರಾ ಕತೆಯೂ ಹೀಗೇ. 2008ರ ಆಗಸ್ಟ್ 11, ಬೀಜಿಂಗ್. ಫೈನಲ್ಲಿಗೆ ಮುಂಚೆ ಪರೀಕ್ಷೆಗೆ ಹೊಡೆದ ಗುಂಡು ಎಲ್ಲೋ ಹೋಯ್ತು. ಬಂದೂಕಿನ ಗುರಿನೋಟ ಅಲುಗಿಹೋಗಿತ್ತು! ಆತ ಗಾಬರಿಯಾಗದೆ ಅದನ್ನು ಸರಿಮಾಡಿಕೊಂಡ. ಕೊನೆಯ ಗುಂಡು 10.8. ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ಮೊದಲ ಒಲಿಂಪಿಕ್ ಚಿನ್ನ.

ಇದರಿಂದ ನಮ್ಮ ಚೀಲಕ್ಕೆ ಏನು ಪಾಠ? ಸಣ್ಣ ಸ್ಕ್ರೂಡ್ರೈವರು, ಸ್ಕ್ರೂ ತಿರುಗಿಸೋ ಆರುಮೂಲೆಯ ಕೀಲಿ, ಒರೆಸುವ ಬಟ್ಟೆ, ಒಂದೆರಡು ಬಿಡಿಭಾಗ. ಇವು ಅಂಗೈಯಷ್ಟು ಡಬ್ಬಿಯಲ್ಲಿ ಹಿಡಿಸ್ತವೆ. ರಾತ್ರಿಯೇ ತುಂಬಿಡಿ. ಬೆಳಗ್ಗೆ ಬಸ್ಸಿಗೆ ಓಡುವಾಗ ನೆನಪಾಗೋದು ಕರ್ಚೀಫು ಮಾತ್ರ.

ತರಬಾರದ ವಸ್ತು

ಇಲ್ಲಿಗೆ ಬಂದಾಗ ಕೈ ಸ್ವಲ್ಪ ನಡುಗುತ್ತೆ. ಯಾಕಂದರೆ ಇದು ನಮ್ಮ ಚಿತ್ರರಂಗದ ಮನೆಯದೇ ಸಾವು.

1993ರ ಮಾರ್ಚ್ 31, ಅಮೆರಿಕದ ವಿಲ್ಮಿಂಗ್ಟನ್. 'ದಿ ಕ್ರೋ' ಚಿತ್ರದ ಸೆಟ್ಟು. ನಾಯಕ ಬ್ರಾಂಡನ್ ಲೀ, ನಮ್ಮೆಲ್ಲರ ಬ್ರೂಸ್ ಲೀಯ ಮಗ. ವಯಸ್ಸು 28. ಹಿಂದೊಂದು ದೃಶ್ಯದ ಕ್ಲೋಸಪ್ಪಿಗೆ ಅಂತ, ನಿಜವಾದ ತೋಟಾಗಳಿಂದ ಮದ್ದು ತೆಗೆದು ಡಮ್ಮಿ ಮಾಡಿದ್ದರು. ಮದ್ದು ತೆಗೆದರು, ಕೆಳಗಿನ ಸಿಡಿಕವನ್ನು ತೆಗೆಯಲಿಲ್ಲ. ಆ ಸಿಡಿಕ ಸಿಡಿದು ಗುಂಡಿನ ತುದಿ ನಳಿಗೆಯೊಳಗೆ ಸಿಕ್ಕಿಕೊಂಡಿತು. ಯಾರೂ ನೋಡಲಿಲ್ಲ. ಆಮೇಲೆ ಅದೇ ರಿವಾಲ್ವರಿಗೆ ಗುಂಡಿಲ್ಲದ, ಬರೀ ಮದ್ದಿನ ಬ್ಲ್ಯಾಂಕ್ ತೋಟಾ ಹಾಕಿ ಹೊಡೆದರು. ಹಿಂದಿನಿಂದ ಮದ್ದಿನ ಒತ್ತಡ, ಮುಂದೆ ಸಿಕ್ಕಿಕೊಂಡ ಗುಂಡು. ಹುಡುಗ ಬಿದ್ದ. ನಟನೆ ಅಂದುಕೊಂಡರು. ಏಳಲಿಲ್ಲ.

2021ರ ಅಕ್ಟೋಬರ್ 21, ನ್ಯೂ ಮೆಕ್ಸಿಕೋ. 'ರಸ್ಟ್' ಚಿತ್ರದ ರಿಹರ್ಸಲ್. ನಟ ಅಲೆಕ್ ಬಾಲ್ಡ್ವಿನ್ ಕೈಯಲ್ಲಿದ್ದ ರಿವಾಲ್ವರಿನಿಂದ ನಿಜವಾದ ಗುಂಡು ಹಾರಿತು. ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ತೀರಿಕೊಂಡರು, ವಯಸ್ಸು 42. ನಿರ್ದೇಶಕ ಜೋಯೆಲ್ ಸೌಜಾಗೆ ಗಾಯ. ಡಮ್ಮಿ ಮಾತ್ರ ಇರಬೇಕಾದ ಸೆಟ್ಟಿನಲ್ಲಿ ನಿಜವಾದ ತೋಟಾಗಳು ಬೆರೆತುಹೋಗಿದ್ದವು. ಬಂದೂಕುಗಳ ಉಸ್ತುವಾರಿ ನೋಡುತ್ತಿದ್ದ ಹುಡುಗಿಗೆ 2024ರಲ್ಲಿ 18 ತಿಂಗಳ ಜೈಲು ಶಿಕ್ಷೆಯಾಯ್ತು. ಬಾಲ್ಡ್ವಿನ್ ಮೇಲಿನ ಮೊಕದ್ದಮೆ ಅದೇ ವರ್ಷ ವಜಾ ಆಯ್ತು. ಹಲೀನಾ ಮಾತ್ರ ಮರಳಿ ಬರಲಿಲ್ಲ.

ಒಂದು ಚೀಲದಲ್ಲಿ ಇರಬಾರದ್ದು ಇದ್ದದ್ದಕ್ಕೆ ಒಂದು ಜೀವ! ಅದಕ್ಕೇ ರೇಂಜಿಗೆ ಹೋಗುವಾಗ ಎರಡು ಅಳತೆಯ ತೋಟಾ ಒಂದೇ ಡಬ್ಬಿಯಲ್ಲಿ ಬೇಡ. ಡಮ್ಮಿ, ಬ್ಲ್ಯಾಂಕ್ ಅಂತೂ ನಿಜವಾದ ತೋಟಾದ ಹತ್ತಿರವೂ ಸುಳಿಯಬಾರದು. ನಳಿಗೆಯೊಳಗೆ ಏನಾದರೂ ಸಿಕ್ಕಿಕೊಂಡಿದೆಯೇ ಅಂತ ಖಾಲಿ ಮಾಡಿದ ಮೇಲೆ ನೋಡದೆ ಮತ್ತೆ ತುಂಬಬಾರದು. ಹೊಡೆಯದೆ ಇರುವಾಗ ಗುಂಡು ತುಂಬುವ ಜಾಗದಲ್ಲಿ ಕೇಸರಿಯಂಥ ಎದ್ದು ಕಾಣುವ ಬಣ್ಣದ ಸೇಫ್ಟಿ ಫ್ಲ್ಯಾಗ್ ಸಿಕ್ಕಿಸಬೇಕು. ಅದು ಕಂಡರೆ 'ಖಾಲಿ ಇದೆ' ಅಂತ ದೂರದಿಂದಲೇ ಗೊತ್ತಾಗುತ್ತೆ. ಈ ಪುಟ್ಟ ಪ್ಲಾಸ್ಟಿಕ್ ಪಟ್ಟಿ ಚೀಲದಲ್ಲಿ ಇರಲೇಬೇಕು. ಇನ್ನು ಮನೆಯಲ್ಲೇ ಬಿಟ್ಟು ಬರಬೇಕಾದ್ದು ಹೆಂಡ, ಕೋಪ ಮತ್ತು ಗೆಳೆಯರ ಮುಂದೆ ಮೆರೆಯುವ ಚಪಲ.

ಒಂದು ಚೊಂಬು ನೀರು

'ಇಷ್ಟೆಲ್ಲ ಕೊಳ್ಳೋಕೆ ನಾವೇನು ಸಾಹುಕಾರರೇ?' ಅಂತ ಕೇಳೋರಿಗೆ ಕೊನೆಯದಾಗಿ ಎರಡು ಅಜ್ಜಿಯರ ಕತೆ. ಉತ್ತರ ಪ್ರದೇಶದ ಬಾಗ್ಪತ್ ಜಿಲ್ಲೆಯ ಜೋಹ್ರಿ ಹಳ್ಳಿ. 1999ರಲ್ಲಿ ಚಂದ್ರೋ ತೋಮರ್ ಅಜ್ಜಿ ಮೊಮ್ಮಗಳನ್ನು ರೇಂಜಿಗೆ ಕರಕೊಂಡು ಹೋದವರು, ತಾವೇ ಪಿಸ್ತೂಲು ಎತ್ತಿಕೊಂಡು ಹೊಡೆದರು. ವಯಸ್ಸು 60 ದಾಟಿತ್ತು. ಗುಂಡು ನೇರ ಗುರಿಗೆ! ಹಿಂದೆಯೇ ಓರಗಿತ್ತಿ ಪ್ರಕಾಶಿ ತೋಮರ್ ಕೂಡ ಬಂದರು. ಲಂಗ, ಕುರ್ತಾ, ತಲೆ ಮೇಲೆ ಸೆರಗು. ಅದೇ ಉಡುಪಿನಲ್ಲಿ ಊರೂರು ತಿರುಗಿ ಪದಕ ಗೆದ್ದರು. 2019ರಲ್ಲಿ ಬಂದ 'ಸಾಂಡ್ ಕೀ ಆಂಖ್' ಚಿತ್ರದಲ್ಲಿ ತಾಪ್ಸಿ ಪನ್ನು, ಭೂಮಿ ಪೆಡ್ನೇಕರ್ ಮಾಡಿದ್ದು ಇವರದೇ ಪಾತ್ರ. ಚಂದ್ರೋ ಅಜ್ಜಿ 2021ರಲ್ಲಿ ಕೊರೋನಾಕ್ಕೆ ಬಲಿಯಾದರು.

ಮನೆಯಲ್ಲಿ ಅಜ್ಜಿ ಅಭ್ಯಾಸ ಮಾಡುತ್ತಿದ್ದದ್ದು ಹೇಗೆ ಗೊತ್ತೇ? ನೀರು ತುಂಬಿದ ಪಾತ್ರೆಯನ್ನು ಕೈ ಚಾಚಿ ಹಿಡಿದು ನಿಲ್ಲೋದು. ಲೆಕ್ಕ ಹಾಕಿ. ಏರ್ ಪಿಸ್ತೂಲಿನ ತೂಕ ಒಂದು ಕಿಲೋ ಆಸುಪಾಸು. ಒಂದು ಲೀಟರ್ ನೀರೂ ಒಂದು ಕಿಲೋ. ಚೊಂಬು ಅಲ್ಲಾಡಿದರೆ ನೀರು ತುಳುಕುತ್ತೆ, ತುಳುಕಿದರೆ ಕೈ ನಡುಗಿತು ಅಂತ ಅರ್ಥ. ಬಿಟ್ಟಿ ಕೋಚು!

ಹೀಗಾಗಿ ಓದುಗ ಮಹಾಶಯರೇ, ದುಡ್ಡು ಕಡಿಮೆಯಿದ್ದರೆ ಕ್ರಮ ಇದು. ಮೊದಲು ಕಿವಿಯ ಬಿರಡೆ, ಆಮೇಲೆ ಕನ್ನಡಕ, ಕತ್ತು ಮುಚ್ಚುವ ಅಂಗಿ, ಬೂಟು, ಸೋಪು, ಸೇಫ್ಟಿ ಫ್ಲ್ಯಾಗ್. ಬಂದೂಕು ಎಲ್ಲಕ್ಕಿಂತ ಕೊನೆಗೆ. ಅಲ್ಲಿಯ ತನಕ ಮನೆಯಲ್ಲಿ ಚೊಂಬು ಇದ್ದೇ ಇದೆ.

ಮುಂದಿನ ಸಲ ತೆರೆಯ ಮೇಲೆ ನಾಯಕ ಠೈ ಠೈ ಅನ್ನಿಸಿದಾಗ ಅವನ ಕೈ ನೋಡಬೇಡಿ, ಕಿವಿ ನೋಡಿ. ಬಿರಡೆ ಇಲ್ಲವೇ? ಹಾಗಾದರೆ ಅದು ಸಿನಿಮಾ. ಧಾರಾಳವಾಗಿ ಶಿಳ್ಳೆ ಹಾಕಿ!